ತಂಗಿಯ ಜಾಗಕ್ಕೆ ಬಂದವಳು

ಲಕ್ಕಮ್ಮನ ಹೆಣ ಇನ್ನೂ ಅಂಗಳದಲ್ಲಿತ್ತು. ಸುತ್ತ ಕುಳಿತ ಹೆಂಗಸರು ಅಳುತ್ತಿದ್ದರು. ಅವಳ ಗಂಡ ತಿಪ್ಪೇಶ್ ಚಪ್ಪರದ ಕಂಬಕ್ಕೆ ಒರಗಿಕೊಂಡು ಯಾರಿಗೋ ಫೋನಿನಲ್ಲಿ, ಹಣೆಬರಹ ಅಂಗಿತ್ತು, ಏನು ಮಾಡೋಕಾಗ್ತದೆ ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಲಕ್ಕಮ್ಮನ ಅಕ್ಕ ಚಿಕ್ಕಹನುಮಕ್ಕ ಎದ್ದು ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿದ್ದ ಒನಕೆ ಹಿಡಿದು ಹೊರಗೆ ಬಂದು, ಒಂದು ಮಾತೂ ಆಡದೆ ಅವನ ತಲೆಗೆ ಬೀಸಿದಳು. ಅವನು ಆ ಕ್ಷಣಕ್ಕೆ ಮುಖ ತಿರುಗಿಸಿದ್ದರಿಂದ ಏಟು ಕಿವಿಯ ಮೇಲೆ ಬಿತ್ತು. ಕಿವಿ ಹರಿದು ನೇತಾಡಿತು. ಇನ್ನೊಂದು ಏಟು ಭುಜದ ಮೂಳೆ ಮುರಿಯಿತು. ಮತ್ತೆ ಎತ್ತುವಷ್ಟರಲ್ಲಿ ಗಂಡಸರೆಲ್ಲ ಸೇರಿ ಅವಳನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದರು. ಸಿಕ್ಕಿದವನ ಕೈಯನ್ನು ಅವಳು ರಕ್ತ ಬರುವಂತೆ ಕಚ್ಚಿದಳು.

ಪೊಲೀಸರು ಅವಳನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ತಂಗಿಯನ್ನು ಮಣ್ಣು ಮಾಡುವುದನ್ನು ನೋಡಲು ಅವಳಿಗೆ ಆಗಲಿಲ್ಲ. ಯಾಕಮ್ಮ ಹೊಡೆದೆ ಎಂದು ಕೇಳಿದ್ದಕ್ಕೆ, "ಸಾಯ್ಲಿ ಅಂತ ಹೊಡ್ದೆ. ಸಾಯ್ಲಿಲ್ಲ" ಎಂದಳು. ಅವಳ ಗಂಡ ಸಣ್ಣರಂಗಯ್ಯ ಎರಡೂ ಊರಿನ ಹಿರಿಯರನ್ನು ಕರೆತಂದು, ಕೈಮುಗಿದು ರಾಜಿ ಮಾಡಿಸಿದ. ತಿಪ್ಪೇಶ್ ತಲೆಗೆ ಬಟ್ಟೆ ಸುತ್ತಿಕೊಂಡು ಬಂದವನು ದೂರು ಬೇಡವೆಂದ. ಕೊಟ್ಟಿದ್ದರೆ ಲಕ್ಕಮ್ಮ ಹೇಗೆ ಸತ್ತಳು ಎಂಬುದನ್ನೂ ಅವನು ಹೇಳಬೇಕಾಗುತ್ತಿತ್ತು.

ಚಿಕ್ಕಹನುಮಕ್ಕನದು ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಕುರಿಗಾರರ ಮನೆ. ಗಿಡ್ಡ ಆಳು, ದಪ್ಪ ಮಣಿಕಟ್ಟು. ಕುರಿಯನ್ನು ಕೆಡವಿ ಮೊಣಕಾಲಿನಡಿ ಒತ್ತಿ ಹಿಡಿದು ಉಣ್ಣೆ ಕತ್ತರಿಸಲು ಕೂತರೆ ಗಂಡಸರು ಅವಳ ಸಮಕ್ಕೆ ಬರುತ್ತಿರಲಿಲ್ಲ. ಅಪ್ಪ ಕುಡಿದು ಬಂದು ಅವ್ವನನ್ನು ಬಡಿಯುತ್ತಿದ್ದ. ದೊಡ್ಡವಳಾದ ವರ್ಷವೇ ಅವಳು ಅಪ್ಪನ ಕೈಯಿಂದ ದೊಣ್ಣೆ ಕಿತ್ತುಕೊಂಡು ಅದರಿಂದಲೇ ಅವನ ಬೆರಳು ಮುರಿದಳು. ಆಮೇಲೆ ಅವನು ಆ ಮನೆಯಲ್ಲಿ ಯಾರ ಮೇಲೂ ಕೈ ಎತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ಕುರಿರೊಪ್ಪಕ್ಕೆ ನುಗ್ಗಿದ ತೋಳವನ್ನು ಹಾರೆಯಿಂದ ಚುಚ್ಚಿ ಕೊಂದಿದ್ದಳು. ಕುರಿಗಳ ಮೇಲೆ ಲಾರಿ ಹರಿಸಿದ ಡ್ರೈವರನೊಬ್ಬನನ್ನು ಹೆದ್ದಾರಿಯಲ್ಲೇ ಕೆಳಗೆಳೆದು ಚಪ್ಪಲಿಯಲ್ಲಿ ಹೊಡೆದಿದ್ದಳು. ಅವಳದು ಕೈ ಮುಂದು ಎಂದು ಊರೇ ಹೇಳುತ್ತಿತ್ತು. ಅದನ್ನು ಅವಳು ಹೊಗಳಿಕೆ ಎಂದೇ ತಿಳಿದಿದ್ದಳು. ಸಣ್ಣರಂಗಯ್ಯ ಮಾತ್ರ ಅವಳ ಕೋಪ ಏರುವುದು ಕಂಡರೆ ಬೀಡಿ ಹಚ್ಚಿಕೊಂಡು ಹೊರಗೆ ಹೋಗಿ ಕೂರುತ್ತಿದ್ದ.

ಅವ್ವ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅವಳೇ. ಲಕ್ಕಮ್ಮ ಅಕ್ಕನ ತದ್ವಿರುದ್ಧ. ಗಟ್ಟಿಯಾಗಿ ಮಾತನಾಡಿದರೆ ಕಣ್ಣಲ್ಲಿ ನೀರು. ಅವಳನ್ನು ಪಾವಗಡದ ಕಡೆ, ಅರ್ಧ ಕನ್ನಡ ಅರ್ಧ ತೆಲುಗು ಆಡುವ ಊರಿಗೆ ಕೊಟ್ಟರು. ತಿಪ್ಪೇಶ್ ಸೋಲಾರ್ ಪಾರ್ಕಿನಲ್ಲಿ ಕಾವಲಿನ ಕೆಲಸಕ್ಕಿದ್ದ. ಕೆಲಸದ ಲಾಠಿ ಮನೆಗೂ ಬರುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾದರೂ, ಮಕ್ಕಳಾಗಲಿಲ್ಲವೆಂದೂ, ಏನೂ ಇಲ್ಲದಿದ್ದರೂ ಹೊಡೆಯುತ್ತಿದ್ದ. ತವರಿಗೆ ಬಂದಾಗ ಲಕ್ಕಮ್ಮ ಉದ್ದ ತೋಳಿನ ರವಿಕೆ ತೊಟ್ಟಿರುತ್ತಿದ್ದಳು. ಪಾವಗಡದ ಬಿಸಿಲು ತಡೆಯಾಕಾಗಲ್ಲ ಅಕ್ಕ ಎನ್ನುತ್ತಿದ್ದಳು. ಅಕ್ಕ ನಂಬಿದಳು.

ಒಂದು ದಿನ ಅವನು ಮೊಣಕೈಯಿಂದ ಅವಳ ಎದೆಗೆ ತಿವಿದ. ಎಡಮೊಲೆ ಕಪ್ಪಗೆ ಕಂದಿ ಊದಿಕೊಂಡಿತು. ಕಂದಿದ್ದು ಹೋಯಿತು, ಒಳಗೊಂದು ಗಂಟು ಹಾಗೇ ಉಳಿಯಿತು. ಏಟಿನ ಗಂಟು, ತಾನಾಗಿ ಕರಗುತ್ತದೆ ಎಂದು ಅವಳ ಅತ್ತೆ ಹೇಳಿದಳು, ಲಕ್ಕಮ್ಮನೂ ಹಾಗೇ ತಿಳಿದಳು. ಗಂಟು ಮುಂಚಿನಿಂದಲೇ ಇತ್ತು, ಏಟಿನಿಂದ ಕೈಗೆ ಸಿಕ್ಕಿತು ಅಷ್ಟೆ ಎಂದು ಡಾಕ್ಟರು ಹೇಳಿದ್ದು ಬಹಳ ತಡವಾಗಿ. ಅದು ದೊಡ್ಡದಾಗಿ ಚರ್ಮ ಒಳಕ್ಕೆ ಎಳೆದುಕೊಂಡಾಗ ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಕಾರ್ಡು ಕೇಳಿದರು. ಲಕ್ಕಮ್ಮನ ಹೆಸರು ತವರಿನ ರೇಷನ್ ಕಾರ್ಡಿನಿಂದ ಹೋಗಿತ್ತು, ಗಂಡನ ಮನೆಯ ಕಾರ್ಡಿಗೆ ಯಾರೂ ಸೇರಿಸಿರಲಿಲ್ಲ. ಅದಿಲ್ಲದೆ ಸರ್ಕಾರದ ಆರೋಗ್ಯ ವಿಮೆ ಇಲ್ಲ. ದುಡ್ಡು ಕಟ್ಟಿ, ಇಲ್ಲವೇ ಕಾರ್ಡು ಮಾಡಿಸಿಕೊಂಡು ಬನ್ನಿ ಎಂದರು. ತಿಪ್ಪೇಶ್ ಎರಡೂ ಮಾಡಲಿಲ್ಲ. ಪಕ್ಕದ ಊರಿನಿಂದ ಬರೆ ಹಾಕುವ ಪೆದ್ದಣ್ಣನನ್ನು ಕರೆಸಿದ.

ಪೆದ್ದಣ್ಣ ದನಕ್ಕೂ ಜನಕ್ಕೂ ಒಂದೇ ಕುಡುಗೋಲಿನಿಂದ ಬರೆ ಹಾಕುತ್ತಿದ್ದ. ಅತ್ತೆ ಕಾಲು ಹಿಡಿದಳು, ಗಂಡ ಕೈ ಹಿಡಿದ, ಬಾಯಿಗೆ ಬಟ್ಟೆ ತುರುಕಿದರು. ಕೆಂಪಗೆ ಕಾದ ಕುಡುಗೋಲನ್ನು ಪೆದ್ದಣ್ಣ ಗಂಟಿನ ಮೇಲೆ ಇಟ್ಟ. ಚರ್ಮ ಸುಟ್ಟ ವಾಸನೆ ಬೀದಿಗೂ ಬಂತಂತೆ. ಒಂದು ಸಲಕ್ಕೆ ಆಗಲಿಲ್ಲವೆಂದು ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಹಾಕಿಸಿದರು.

ಯುಗಾದಿಗೆ ತಂಗಿ ಬರಲಿಲ್ಲವೆಂದು ಚಿಕ್ಕಹನುಮಕ್ಕ ತಾನೇ ಬಸ್ಸು ಹತ್ತಿ ಹೋದಳು. ಲಕ್ಕಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲಿದ್ದಳು. ವಾಸನೆಗೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ರವಿಕೆ ಗಾಯಕ್ಕೆ ಅಂಟಿಹೋಗಿತ್ತು. ಬಿಸಿನೀರು ಹುಯ್ದು ಮೆಲ್ಲನೆ ಬಿಡಿಸಿದರೆ ಬಟ್ಟೆಯ ಜೊತೆ ಮಾಂಸವೂ ಬಂತು. ಕೀವಿನೊಳಗೆ ಹುಳು ಹರಿದಾಡುತ್ತಿದ್ದವು. ಕುರಿಯ ಗಾಯದ ಹುಳು ತೆಗೆದು ಪಳಗಿದ ಕೈ ಅವಳದು. ಒಂದೊಂದನ್ನೇ ಹೆಕ್ಕಿ ಬಿಸಿನೀರಿಗೆ ಹಾಕಿದಳು.

ತಿಪ್ಪೇಶ್ ಕೆಲಸಕ್ಕೆ ಹೋಗಿದ್ದ. ಬರೆ ಹಾಕಿದವನು ಯಾರೆಂದು ತಂಗಿಯಿಂದ ಕೇಳಿಕೊಂಡು, ಆಟೋ ಕರೆತರಲು ಹೇಳಿ, ಅದು ಬರುವಷ್ಟರಲ್ಲಿ ಅವಳು ಪೆದ್ದಣ್ಣನ ಊರಿಗೆ ನಡೆದಳು. ಅವನು ಅಂಗಳದಲ್ಲಿ ಯಾರದೋ ಎತ್ತಿಗೆ ಬರೆ ಹಾಕಲು ಕೆಂಡ ಮಾಡಿಕೊಂಡು ಕೂತಿದ್ದ. ಯಾರಮ್ಮ ಎಂದು ಕೇಳಿದ. ಲಕ್ಕಮ್ಮನ ಅಕ್ಕ ಎಂದಳು.

"ಚೆಡು ರಕ್ತ ಕಣಮ್ಮಾ ಅದು, ಕೆಟ್ಟ ರಕ್ತ, ಬರೆಗೆ ಸೋರಿ ಹೋಗ್ತದೆ. ಇನ್ನೊಂದು ದಫಾ ಹಾಕಿದ್ರೆ—"

ಅವನು ಮಾತು ಮುಗಿಸಲಿಲ್ಲ. ಅವಳು ಕುರಿ ಕೆಡಹುವಂತೆ ಅವನನ್ನು ಕೆಡವಿ, ಕತ್ತಿನ ಮೇಲೆ ಮೊಣಕಾಲೂರಿ, ಅವನ ಬಲಗೈಯನ್ನು ಕೆಂಡದೊಳಕ್ಕೆ ಒತ್ತಿದಳು. ಅವನ ಕೂಗಿಗೆ ಕಟ್ಟಿದ್ದ ಎತ್ತು ಹಗ್ಗ ಹರಿದುಕೊಂಡು ಓಡಿತು. ಜನ ಬಂದು ಬಿಡಿಸುವ ಹೊತ್ತಿಗೆ ಅಂಗೈ ಬೆಂದಿತ್ತು.

ಲಕ್ಕಮ್ಮನನ್ನು ತುಮಕೂರಿನ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಆಶಾರಾಣಿ ಎಂಬ ಡಾಕ್ಟರು ನೋಡಿದರು. ಕ್ಯಾನ್ಸರ್ ಬೆನ್ನುಮೂಳೆಗೂ ಶ್ವಾಸಕೋಶಕ್ಕೂ ಹರಡಿದೆ, ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದರು. ಮೊದಲೇ ಯಾಕೆ ಕರೆತರಲಿಲ್ಲ ಎಂದು ಅವರು ಕೇಳಿದ್ದೇ, ಚಿಕ್ಕಹನುಮಕ್ಕ ಅವರ ಕೋಟಿನ ಕಾಲರು ಹಿಡಿದಳು. ಡಾಕ್ಟರು ಕದಲಲಿಲ್ಲ. ಬಿಡಿಸಲು ಬಂದ ನರ್ಸಿಗೆ ಬೇಡವೆಂದು ಸನ್ನೆ ಮಾಡಿದರು. ಅವಳೇ ಬಿಟ್ಟಳು.

ಅದೇ ವಾರ್ಡಿನಲ್ಲಿ ಲಕ್ಕಮ್ಮ ಒಂದು ಮಾತು ಹೇಳಿದಳು. ಇಷ್ಟೆಲ್ಲ ಆದರೂ ಅಕ್ಕನಿಗೆ ಒಂದು ಫೋನು ಮಾಡಬಾರದಿತ್ತೇ ಎಂದು ಚಿಕ್ಕಹನುಮಕ್ಕ ಕೇಳಿದ್ದಳು.

"ನಿಂಗೆ ಹೇಳಿದ್ರೆ ಅವನ್ನ ಕೊಂದ್ಬುಡ್ತಿದ್ದೆ ಕಣಕ್ಕಾ. ನೀನು ಜೈಲಿಗೆ ಹೋಗ್ತಿದ್ದೆ. ಅದ್ಕೇ ಹೇಳ್ಲಿಲ್ಲ."

ಲಕ್ಕಮ್ಮ ಮಳೆಗಾಲ ಹಿಡಿಯುವ ಮೊದಲು ಸತ್ತಳು. ಸಾಯುವ ಮುನ್ನ ಗಂಡನ ಮನೆಗೇ ಕರೆದುಕೊಂಡು ಹೋಗಿ ಎಂದು ಕೇಳಿದ್ದಳು. ಯಾಕೆಂದು ಅಕ್ಕನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಒನಕೆ ಬೀಸಿದ ಮೇಲೆ ಅವಳ ಕೋಪ ತಣಿಯುತ್ತದೆ ಎಂದು ಸಣ್ಣರಂಗಯ್ಯ ಅಂದುಕೊಂಡಿದ್ದ. ತಣಿಯಲಿಲ್ಲ. ಕುರಿಯ ಉಣ್ಣೆ ಕತ್ತರಿಸುವಾಗ ಚರ್ಮಕ್ಕೆ ಕತ್ತರಿ ಹಾಕುತ್ತಿದ್ದಳು. ನಾಯಿಗೆ ಕಲ್ಲು ಬೀರಿ ಕಾಲು ಮುರಿದಳು. ತಂಗಿಯ ಆ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಡಾಕ್ಟರ್ ಆಶಾರಾಣಿ ಕೆಲವರನ್ನು ಜೊತೆ ಸೇರಿಸಿಕೊಂಡು ಎದೆಯ ಗಂಟಿನ ತಪಾಸಣೆಯ ಬಸ್ಸೊಂದನ್ನು ಹಳ್ಳಿಗಳಿಗೆ ಕಳಿಸತೊಡಗಿದ್ದರು, ತಾವೂ ಅದರಲ್ಲಿ ಬರುತ್ತಿದ್ದರು. ಒಳಗೆ ಪರದೆ, ಮಂಚ, ಸ್ಕ್ಯಾನಿಂಗ್ ಯಂತ್ರ. ಗಂಟು ಕಂಡರೆ ಸೂಜಿಯಿಂದ ತುಸು ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದರು. ಕಾರ್ಡು, ವಿಮೆ ಇಲ್ಲದ ಹೆಂಗಸರಿಗೆಂದೇ ಹೊರಟ ಬಸ್ಸು ಅದು. ಕಾಯಿಲೆ ಸಿಕ್ಕರೆ ಮುಂದಿನ ಚಿಕಿತ್ಸೆಗೂ ದಾನಿಗಳನ್ನು ಹುಡುಕಿ ಇಟ್ಟಿದ್ದರು. ಹುಲಿಕುಂಟೆಗೆ ಬಂದಾಗ ಬಸ್ಸು ಬೆಳಗಿನಿಂದ ಬರಿದಾಗಿ ನಿಂತಿತ್ತು. ಎದೆ ಬಿಚ್ಚಿಸಿ ಫೋಟೋ ತೆಗೆಯುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಗಂಡಸರು ಅಂಗಡಿ ಕಟ್ಟೆಯ ಮೇಲೆ ಕೂತು, ಯಾರು ಹತ್ತುತ್ತಾರೋ ನೋಡೋಣ ಎನ್ನುತ್ತಿದ್ದರು.

ಚಿಕ್ಕಹನುಮಕ್ಕ ಮನೆಮನೆಗೆ ನುಗ್ಗಿದಳು. ಬರಲ್ಲ ಎಂದವರನ್ನು ಬೈದಳು. ದೊಡ್ಡಕ್ಕ ಎಂಬ ವಿಧವೆಯನ್ನು ರಟ್ಟೆ ಹಿಡಿದು ಬೀದಿಯಲ್ಲಿ ಎಳೆದು ತಂದಳು. ಎಳೆದಾಟದಲ್ಲಿ ದೊಡ್ಡಕ್ಕನ ರವಿಕೆಯ ತೋಳು ಹರಿಯಿತು. ಮಂಚದ ಮೇಲೆ ಅವಳು ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು ಅಳುವುದನ್ನು ನೋಡಿ ಡಾಕ್ಟರು ಅವಳಿಗೆ ಶಾಲು ಹೊದಿಸಿ ಮನೆಗೆ ಕಳಿಸಿಕೊಟ್ಟರು. ಆಮೇಲೆ ಕೆಳಗಿಳಿದು ಬಂದರು.

"ಎಳ್ಕೊಂಡು ಬಂದಿರೋರನ್ನ ನಾನು ಮುಟ್ಟಲ್ಲ ಚಿಕ್ಕಹನುಮಕ್ಕ. ಅವರ ಕೈ ಕಾಲು ಹಿಡಿದು ನೋಡಿದ್ರೆ ನಾನೂ ಪೆದ್ದಣ್ಣನೇ ಆಗ್ತೀನಿ."

ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ಮನೆಗೆ ಹೋಗದೆ ದೊಡ್ಡಕ್ಕನ ಜಗಲಿಗೆ ಹೋಗಿ ಕೂತಳು. ದೊಡ್ಡಕ್ಕ ಬಾಗಿಲು ಹಾಕಿಕೊಂಡಿದ್ದಳು. ಮುಚ್ಚಿದ ಬಾಗಿಲಿಗೇ ಲಕ್ಕಮ್ಮನ ಕತೆಯನ್ನು ಹೇಳಿದಳು. ಬಾಯಿಗೆ ಬಟ್ಟೆ ತುರುಕಿದ್ದು, ಹುಳು ಹರಿದಾಡಿದ್ದು, ಕೊನೆಗೆ ತಂಗಿ ವಾರ್ಡಿನಲ್ಲಿ ಹೇಳಿದ ಆ ಮಾತು. ಅಕ್ಕಪಕ್ಕದ ಮನೆಯ ಹೆಂಗಸರು ಬಂದು ನಿಂತರು. ಬಾಗಿಲು ತೆರೆಯಿತು. ಅಂದು ಮಧ್ಯಾಹ್ನ ಬಸ್ಸಿನ ಮುಂದೆ ಮೊದಲು ನಿಂತವಳು ದೊಡ್ಡಕ್ಕನೇ. ಆಮೇಲೆ ಬಸ್ಸು ಎಲ್ಲಿಗೆ ಹೋದರೂ ಚಿಕ್ಕಹನುಮಕ್ಕ ಮುಂಚಿನ ದಿನವೇ ಆ ಊರಿಗೆ ಹೋಗಿ ಜಗಲಿಗಳಲ್ಲಿ ಕೂತು ಅದೇ ಕತೆ ಹೇಳುತ್ತಿದ್ದಳು. ಕೊರಟಗೆರೆ, ಮಧುಗಿರಿ, ಪಟ್ಟನಾಯಕನಹಳ್ಳಿ, ಎಲ್ಲ ಕಡೆ.

ತಿಪ್ಪೇಶ್ ವರ್ಷ ತುಂಬುವ ಮೊದಲೇ ಮತ್ತೊಂದು ಮದುವೆಯಾಗಿದ್ದ. ಮಧುಗಿರಿ ಕಡೆಯ ಹುಡುಗಿ, ಹೆಸರು ಲೋಹಿತಾ, ಅಪ್ಪ ಅಮ್ಮ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಪಾವಗಡದ ಬಸ್ ನಿಲ್ದಾಣದಲ್ಲಿ ಒಮ್ಮೆ ಚಿಕ್ಕಹನುಮಕ್ಕ ಅವಳನ್ನು ನೋಡಿದ್ದಳು. ಅವಳ ಕಿವಿಯಲ್ಲಿ ಲಕ್ಕಮ್ಮನ ಓಲೆ ಇದ್ದವು. ಚಿಕ್ಕಹನುಮಕ್ಕ ಅವಳ ಕಾಲ ಬಳಿ ಉಗಿದು ಮುಂದೆ ಹೋಗಿದ್ದಳು.

ಮುಂದಿನ ಬೇಸಿಗೆಯಲ್ಲಿ ಬಸ್ಸು ಪಾವಗಡ ತಾಲ್ಲೂಕಿಗೆ ಹೋಯಿತು. ಶಾಲೆಯ ಪಕ್ಕದ ಬೇವಿನ ಮರದಡಿ ನಿಲ್ಲಿಸಿದ್ದರು. ಸಾಲಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ನಿಂತವಳೊಬ್ಬಳ ಓಲೆ ಕಂಡು ಚಿಕ್ಕಹನುಮಕ್ಕನ ಮೈ ಉರಿಯಿತು. ಹತ್ತಿರ ಹೋಗಿ, ನಿನ್ನ ಗಂಡ ಕಳಿಸಿದನೇ ಎಂದು ಕೇಳಿದಳು. ಲೋಹಿತಾಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ಅವ್ನಿಗೆ ಹೇಳ್ದೇನೇ ಬಂದ್ಬುಟ್ಟೆ ಕಣಕ್ಕಾ. ನಂಗೂ ಗಂಟೈತೆ. ನಾಳೆ ಪೆದ್ದಣ್ಣ ಬರ್ತಾನೆ."

ಇವಳು ಅನುಭವಿಸಲಿ ಎಂದು ಆ ಕ್ಷಣ ಮನಸ್ಸಿಗೆ ಬಂದದ್ದು ನಿಜ ಎಂದು ಮುಂದೆ ಚಿಕ್ಕಹನುಮಕ್ಕನೇ ಹೇಳಿದ್ದಾಳೆ. ಆದರೂ ಸಾಲಿನಲ್ಲಿದ್ದವರನ್ನು ಕೇಳಿಕೊಂಡು ಲೋಹಿತಾಳನ್ನು ಮುಂದೆ ಕಳಿಸಿದಳು.

ಲೋಹಿತಾ ಒಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಬೈಕಿನ ಸದ್ದು ಕೇಳಿತು. ತಿಪ್ಪೇಶ್ ಬೈಕಿಗೆ ಸ್ಟ್ಯಾಂಡ್ ಹಾಕದೆ ಹಾಗೇ ಕೆಡವಿ ಇಳಿದ. ಕೈಯಲ್ಲಿ ಮಚ್ಚು ಇತ್ತು. ಬಾಗಿಲ ಮೆಟ್ಟಿಲ ಮೇಲೆ ಚಿಕ್ಕಹನುಮಕ್ಕ ನಿಂತಿರುವುದನ್ನು ಕಂಡು ಅವನ ಮುಖ ಬೇರೆಯಾಯಿತು.

"ಒಬ್ಳನ್ನ ತಿಂದ್ಕಂಡೆ, ಇವ್ಳನ್ನೂ ಕೆಡ್ಸಾಕೆ ಬಂದ್ಯಾ? ಇಳಿಯೇ ಕೆಳಗೆ."

ಅವಳು ಇಳಿಯಲಿಲ್ಲ. ಮಚ್ಚು ಬೀಸಿದ. ತಲೆಗೆ ಬೀಳಲಿದ್ದ ಏಟನ್ನು ಅವಳು ಬಲಗೈ ಅಡ್ಡ ಹಿಡಿದು ತಡೆದಳು. ಮಚ್ಚು ಅಂಗೈಯನ್ನು ಬೆರಳ ಬುಡದವರೆಗೆ ಸೀಳಿ ಮೂಳೆಗೆ ಕಚ್ಚಿಕೊಂಡಿತು. ಅವನು ಎಳೆದುಕೊಳ್ಳುವಷ್ಟರಲ್ಲಿ ಅವಳು ಎಡಗೈಯಿಂದ ಅವನ ಅಂಗಿ ಹಿಡಿದು ಹತ್ತಿರಕ್ಕೆ ಜಗ್ಗಿ, ಹಣೆಯಿಂದ ಅವನ ಮೂಗಿಗೆ ಗುದ್ದಿದಳು. ಮೂಗು ಒಡೆಯಿತು. ಅವನು ಮತ್ತೆ ಬೀಸಿದ. ಏಟು ಬಸ್ಸಿನ ತಗಡಿಗೆ ಬಿದ್ದು ಒಳಗೆಲ್ಲ ಗುಡುಗಿನಂತೆ ಸದ್ದಾಯಿತು. ಒಳಗೆ ಆ ಹೊತ್ತಿಗೆ ಲೋಹಿತಾಳ ಗಂಟಿನೊಳಗೆ ಸೂಜಿ ಇಳಿದಿತ್ತು. ಅಲ್ಲಾಡಬೇಡ, ಬಾಗಿಲು ಹಾಕಿದೆ, ನಾನಿದ್ದೀನಿ ಎಂದು ಹೇಳುತ್ತಾ ಡಾಕ್ಟರು ಕೆಲಸ ಮುಗಿಸಿದರು.

ಹೊರಗೆ ಸಾಲಿನಲ್ಲಿದ್ದ ಹೆಂಗಸರು ಮೊದಲು ಚೆದುರಿ ಓಡಿದ್ದರು. ಬಸ್ಸಿನ ಮೆಟ್ಟಿಲ ಮೇಲೆ ರಕ್ತ ಹರಿಯುವುದನ್ನು ಕಂಡು ಒಬ್ಬಳು ಕಲ್ಲು ಎತ್ತಿ ಎಸೆದಳು. ಅದು ತಿಪ್ಪೇಶನ ಬೆನ್ನಿಗೆ ಬಿತ್ತು. ಅವನು ಹಿಂದಕ್ಕೆ ತಿರುಗಿದಾಗ ಇನ್ನೊಂದು ಬಾಯಿಗೆ ಬಿತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಮಚ್ಚು ಯಾರ ಕಾಲಡಿಯಲ್ಲೋ ಹೋಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅಲ್ಲೇ ಸಾಯುತ್ತಿದ್ದ.

ಸಾಕೆಂದು ಕೂಗಿದವಳು ಚಿಕ್ಕಹನುಮಕ್ಕ. ಮೆಟ್ಟಿಲ ಮೇಲೆ ಕುಸಿದು ಕೂತು, ಸೀಳಿದ ಕೈಯನ್ನು ಎದೆಗವುಚಿಕೊಂಡಿದ್ದಳು. "ಬುಟ್ಬುಡ್ರೇ. ಇವ್ನು ಸತ್ರೆ ನೀವೆಲ್ಲ ಜೈಲಿಗೋಗ್ತೀರಾ, ಒಳಗಿರೋ ಅವ್ಳನ್ನ ನೋಡೋರಿರಲ್ಲ."

ಹೆಂಗಸರು ಬಿಟ್ಟರು. ಪೊಲೀಸರು ಬರುವವರೆಗೆ ಅವನನ್ನು ಅವನದೇ ಟವಲಿನಿಂದ ಬೇವಿನ ಮರಕ್ಕೆ ಕಟ್ಟಿ ಹಾಕಿದ್ದರು.

ಲೋಹಿತಾಳ ಗಂಟು ಕ್ಯಾನ್ಸರೇ ಆಗಿತ್ತು. ಆದರೆ ಚಿಕ್ಕದು, ಎಲ್ಲಿಗೂ ಹರಡಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಕಾರ್ಡು ಯಾರೂ ಕೇಳಲಿಲ್ಲ. ಮುಂದೆ ಕೀಮೋ ಕೊಡಬೇಕಿತ್ತು. ಗಂಡನ ಮನೆಗೆ ಹೋಗುವಂತಿಲ್ಲ, ಸೋದರಮಾವ ಬಾಗಿಲು ಹಾಕಿಕೊಂಡ. ಸಣ್ಣರಂಗಯ್ಯ ಯಾರನ್ನೂ ಕೇಳದೆ ಆಸ್ಪತ್ರೆಯಿಂದ ಅವಳನ್ನು ತನ್ನ ಮನೆಗೇ ಕರೆತಂದ. ಹೆಂಡತಿಯ ಮಾತಿಗೆ ಕಾಯದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಒಬ್ಬಳ ತಲೆಗೂದಲು ಉದುರಿತ್ತು, ತಿಂದದ್ದು ನಿಲ್ಲುತ್ತಿರಲಿಲ್ಲ. ಇನ್ನೊಬ್ಬಳ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಲಕ್ಕಮ್ಮ ಬದುಕಿದ್ದಿದ್ದರೆ ಈ ಹಾಸಿಗೆಯಲ್ಲಿ ಅವಳಿರುತ್ತಿದ್ದಳು ಎಂಬುದನ್ನು ಚಿಕ್ಕಹನುಮಕ್ಕನಿಗೆ ಮರೆಯಲು ಆಗಲಿಲ್ಲ. ಒಂದು ಬೆಳಗ್ಗೆ ಲೋಹಿತಾ ಗಂಜಿ ಬೇಡವೆಂದು ತಟ್ಟೆ ತಳ್ಳಿದಳು, ಗಂಜಿ ನೆಲಕ್ಕೆ ಚೆಲ್ಲಿತು. ಚಿಕ್ಕಹನುಮಕ್ಕನ ಕೈ ಮೇಲೆದ್ದಿತು. ಲೋಹಿತಾ ಕೂಗಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಗಳನ್ನು ಹೊಲಿಗೆ ಹಾಕಿದ ಎದೆಯ ಮೇಲೆ ಅಡ್ಡ ಇಟ್ಟುಕೊಂಡಳು. ಏಟು ತಿಂದು ರೂಢಿಯಾದವರು ಮಾಡುವ ಹಾಗೆ.

ಚಿಕ್ಕಹನುಮಕ್ಕ ಹೊರಗೆ ಹೋದಳು. ರೊಪ್ಪದ ಕಂಬಕ್ಕೆ ಎಡಗೈಯಿಂದ ಗುದ್ದಿದಳು, ಗೆಣ್ಣು ಒಡೆಯುವವರೆಗೂ ಗುದ್ದಿದಳು. ಕುರಿಗಳು ಮೂಲೆಗೆ ಸೇರಿ ನಿಂತವು. ಒಳಗೆ ಬಂದು ನೆಲ ಒರೆಸಿ, ಮತ್ತೆ ಗಂಜಿ ಕಾಯಿಸಿ ಅವಳ ಮುಂದಿಟ್ಟು ತಾನೂ ಅಲ್ಲೇ ಕೂತಳು. ಆಮೇಲೆ ಅವಳು ಯಾರ ಮೇಲಾದರೂ ಕೈ ಎತ್ತಿದ್ದನ್ನು ಕಂಡವರಿಲ್ಲ. ಬೈಗುಳಕ್ಕೇನೂ ಕಡಿಮೆಯಿಲ್ಲ.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ತಿಪ್ಪೇಶ್ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ನಡೆಯುತ್ತಿದೆ. ಪೆದ್ದಣ್ಣ ಈಗ ಎಡಗೈಯಲ್ಲಿ ಬರೆ ಹಾಕುತ್ತಾನೆ, ದನಗಳಿಗೆ ಮಾತ್ರ ಎಂದು ಹೇಳಿಕೊಳ್ಳುತ್ತಾನೆ. ಬಸ್ಸಿಗೆ ಕೆಲವು ಊರುಗಳಲ್ಲಿ ಇನ್ನೂ ಕಲ್ಲು ಬೀಳುತ್ತವೆ. ಉಣ್ಣೆ ಕತ್ತರಿಸುವ ಕೆಲಸ ಸಣ್ಣರಂಗಯ್ಯನ ಪಾಲಿಗೆ ಬಂದಿದೆ, ಹೆಂಡತಿ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾಳೆ.

ಲೋಹಿತಾ ಶಿರಾದ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಕೋಣೆ ಹಿಡಿದಿದ್ದಾಳೆ. ಹೋದ ತಿಂಗಳು ತಪಾಸಣೆಗೆ ಬೆಂಗಳೂರಿಗೆ ಹೋಗುವಾಗ ಚಿಕ್ಕಹನುಮಕ್ಕನೂ ಜೊತೆಗೆ ಹೋದಳು. ಏನೂ ಇಲ್ಲ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಬರುವಾಗ ಬಸ್ಸಿನಲ್ಲಿ ಲೋಹಿತಾ, ಡೈವೋರ್ಸ್ ಆದ ಮೇಲೆ ಇನ್ನೊಂದು ಮದುವೆ ಮಾಡಿಕೊಳ್ಳಬೇಕೆಂದಿದ್ದೀನಿ, ಗಾರ್ಮೆಂಟ್ಸಿನ ಟೈಲರ್ ಒಬ್ಬರು ಕೇಳುತ್ತಿದ್ದಾರೆ, ಎಲ್ಲ ಹೇಳಿದ್ದೀನಿ ಅವರಿಗೆ ಎಂದಳು. ತುಮಕೂರು ದಾಟಿದ ಮೇಲೆ ಚಿಕ್ಕಹನುಮಕ್ಕ, ಆ ಮನುಷ್ಯನನ್ನು ಭಾನುವಾರ ಮನೆಗೆ ಕರೆದುಕೊಂಡು ಬಾ, ನಾನು ನೋಡಬೇಕು ಎಂದಳು. ಲೋಹಿತಾ ಅವಳ ಕೈಗಳನ್ನು ನೋಡಿದಳು.

"ಮಾತಾಡಾಕೆ ಅಷ್ಟೇ ಕಣಮ್ಮ" ಎಂದಳು ಚಿಕ್ಕಹನುಮಕ್ಕ.